ಶಿರಾಡಿಯಲ್ಲಿ ಸುರಂಗ ಬಂದರೆ ಮೇಲಿನ ಕಾಡಿಗೂ ನಮ್ಮ ಹಳ್ಳಗಳಿಗೂ ಏನಾಗುತ್ತದೆ?

ಹೆತ್ತೂರು ಕಾಫಿ

ಶಿರಾಡಿ ಘಾಟಿಯಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಗೆ ಸುರಂಗ ಕೊರೆಯುವ ಮಾತು ಮತ್ತೆ ಎದ್ದಿದೆ. ಮಾರನಹಳ್ಳಿಯಿಂದ ಅಡ್ಡಹೊಳೆ ತನಕ ಸುಮಾರು 23 ಕಿ.ಮೀ., ಸುರಂಗ, ಸೇತುವೆ ಎಲ್ಲ ಸೇರಿಸಿ ದಾರಿ ಮಾಡುವ ಯೋಚನೆ ಹಳೆಯದೇ. ಮಳೆಗಾಲದಲ್ಲಿ ದೊಡ್ಡತಪ್ಪಲೆ ಹತ್ತಿರ ಧರೆ ಜರಿದಾಗ ಫೈಲು ಹೊರಗೆ ಬರುತ್ತದೆ. ಬಿಸಿಲು ಬಿದ್ದ ಮೇಲೆ ಮತ್ತೆ ಕಪಾಟಿಗೆ ಹೋಗುತ್ತದೆ.

ಸಕಲೇಶಪುರದ ಸಂತೆಯಲ್ಲಿ ಎರಡು ಥರದ ಮಾತು ಕೇಳುತ್ತೇನೆ. "ಸುರಂಗ ಅಂದ್ರೆ ಒಂದು ಮರಾನೂ ಬೀಳಲ್ಲ, ಮೇಲಿನ ಕಾಡು ಹಾಗೇ ಇರುತ್ತೆ" ಎನ್ನುವವರು ಒಂದು ಕಡೆ. "ಬೆಟ್ಟದ ಹೊಟ್ಟೆ ಕೊರೆದ್ರೆ ಮೇಲಿರೋದೆಲ್ಲ ಒಣಗಿಹೋಗುತ್ತೆ" ಎನ್ನುವವರು ಇನ್ನೊಂದು ಕಡೆ. ಇಬ್ಬರ ದನಿಯೂ ಅಷ್ಟೇ ಜೋರು.

ನನ್ನ ಚಿಂತೆ ಸರಳ. ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಬ್ಲಾಸಂ ನೀರು, ಅಂದರೆ ಹೂ ಅರಳಿಸುವ ನೀರು, ಹೊಡೆಯುವುದು ತೋಟದ ಕೆರೆಯಿಂದ. ಕೆರೆ ತುಂಬುವುದು ಕೊಲ್ಲಿಯ (ಗುಡ್ಡಗಳ ನಡುವಿನ ತಗ್ಗಿನ) ಒರತೆಯಿಂದ. ಆ ಒರತೆ ಎಲ್ಲಿಂದ ಬರುತ್ತದೆ ಎಂದು ನಮ್ಮ ಅಜ್ಜನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಕಾಡಿನ ವಿಷಯ, ಕಲ್ಲಿನ ವಿಷಯ ಬಲ್ಲವರು ಯಾರಾದರೂ ಬಿಡಿಸಿ ಹೇಳಿ. ಪಾರ್ಟಿ ರಾಜಕೀಯ ಬೇಡ.

ಘಾಟಿ ಡ್ರೈವರ್

ಮೊದಲು ಮಾಡಲಿ ಸಾರ್. ಮಳೆಗಾಲದ ರಾತ್ರಿ ಮಾರನಹಳ್ಳಿಯಲ್ಲಿ ಸಾಲಾಗಿ ಲಾರಿ ನಿಲ್ಲಿಸಿಕೊಂಡು ಬೆಳಗಾಗುವ ತನಕ ಕೂತವರಿಗೆ ಗೊತ್ತು ಕಷ್ಟ. ಕಪ್ಪೆ, ಹಾವು ಆಮೇಲೆ ನೋಡೋಣ.

ಕಲ್ಲುಬಂಡೆ

ಹೆತ್ತೂರಿನವರೇ, ಸಂತೆಯ ಎರಡೂ ಮಾತು ಅರ್ಧರ್ಧ ಸರಿ. ನಾನು ಸುರಂಗದ ಕೆಲಸಗಳಲ್ಲಿ ಇದ್ದವನು, ಈಗ ಹಾಸನದಲ್ಲಿದ್ದೇನೆ.

ಸುರಂಗ ಆಳದಲ್ಲಿ ಹೋದರೆ ಅದರ ನೇರ ಮೇಲಿರುವ ಮರ ಕಡಿಯಬೇಕಿಲ್ಲ, ನಿಜ. ಆದರೆ ಕಾಡಿಗೆ ಪೆಟ್ಟು ಬೀಳುವುದು ಅಲ್ಲಲ್ಲ. ಮೊದಲ ಪೆಟ್ಟು ಸುರಂಗದ ಬಾಯಿಗಳಲ್ಲಿ. ಅಲ್ಲಿ ಇಳಿಜಾರು ಕತ್ತರಿಸಬೇಕು, ಯಂತ್ರ ನಿಲ್ಲಲು ಜಾಗ ಬೇಕು, ಕ್ರಷರ್ ಬೇಕು, ಕಾಂಕ್ರೀಟ್ ಘಟಕ ಬೇಕು, ಕೆಲಸಗಾರರ ಶೆಡ್ ಬೇಕು, ಸಿಡಿಮದ್ದಿನ ಕೋಣೆ ಬೇಕು. ಉದ್ದದ ಸುರಂಗವಾದರೆ ಎರಡು ತುದಿಯಿಂದ ಮಾತ್ರ ಕೊರೆಯುತ್ತಾ ಕೂರುವುದಿಲ್ಲ. ಮಧ್ಯೆ ಬೆಟ್ಟದ ಪಕ್ಕದಿಂದ ಅಡ್ಡ ಸುರಂಗ ಹೊಡೆದು ಅಲ್ಲಿಂದಲೂ ಶುರು ಮಾಡುತ್ತಾರೆ. ಆ ಅಡ್ಡ ಬಾಯಿಗೆ ಟಿಪ್ಪರ್ ಹೋಗುವ ರಸ್ತೆ ಬೇಕು. ನಕ್ಷೆಯಲ್ಲಿ ಕಾಡಿನ ಅಡಿಯಲ್ಲಿ ಹೋಗುವ ಗೆರೆಯನ್ನು ಎಲ್ಲರೂ ನೋಡುತ್ತಾರೆ, ಈ ಪಕ್ಕದ ರಸ್ತೆಗಳನ್ನು ಯಾರೂ ಕೇಳುವುದಿಲ್ಲ.

ಎರಡನೆಯದು ಕಲ್ಲುಮಣ್ಣು. ಸುಮ್ನೆ ಲೆಕ್ಕ ಹಾಕಿ ನೋಡಿ. 10 ಮೀಟರ್ ಅಗಲದ ದುಂಡು ಸುರಂಗ ಎಂದಿಟ್ಟುಕೊಳ್ಳಿ. ಒಂದು ಕಿ.ಮೀ. ಕೊರೆದರೆ ಸುಮಾರು 78,500 ಘನ ಮೀಟರ್ ಬಂಡೆ. ಒಡೆದ ಕಲ್ಲು ಉಬ್ಬುತ್ತದೆ, ಒಂದೂವರೆ ಪಟ್ಟು ಎಂದರೂ 1.2 ಲಕ್ಷ ಘನ ಮೀಟರ್ ಹತ್ತಿರ. ಟಿಪ್ಪರಿಗೆ 10 ಘನ ಮೀಟರ್ ಹಿಡಿದರೆ 12,000 ಲೋಡು. ಇದು ಒಂದು ಕೊಳವೆಯ ಒಂದು ಕಿ.ಮೀ. ಹೋಗಲಿಕ್ಕೆ, ಬರಲಿಕ್ಕೆ ಎಂದು ಜೋಡಿ ಸುರಂಗ ಮಾಡಿದರೆ ಇದರ ಎರಡು ಪಟ್ಟು. ಘಾಟಿಯಲ್ಲಿ ಸಮತಟ್ಟು ಜಾಗ ಎಲ್ಲಿದೆ? ಒಂದೋ ಮೇಲೆ ಹತ್ತಿಸಿ ಸಕಲೇಶಪುರದ ಕಡೆ ತರಬೇಕು, ಇಲ್ಲ ಗುಂಡ್ಯದಾಚೆ ಇಳಿಸಬೇಕು. ಎರಡಕ್ಕೂ ಡೀಸೆಲ್ ಖರ್ಚು ಜಾಸ್ತಿ. ಅಗ್ಗದ ಮೂರನೆಯ ದಾರಿ ಪಕ್ಕದ ಕೊಲ್ಲಿ.

ಮೂರನೆಯದು ನೀರು. ಅದು ಉದ್ದದ ಕಥೆ, ಆಮೇಲೆ ಬರೆಯುತ್ತೇನೆ.

ಮಂಜ್ರಾಬಾದ್

ಸ್ವಾಮಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ರೈಲು ದಾರಿಯಲ್ಲಿ 57 ಸುರಂಗ ಇವೆ. 1979ರಲ್ಲೇ ರೈಲು ಶುರುವಾಗಿದೆ. ಆ ದಾರಿಯ ಎಡಕುಮೇರಿ ಸ್ಟೇಷನ್ನಿನಲ್ಲಿ ನಿಂತು ನೋಡಿ, ಕಾಡು ದಟ್ಟವಾಗೇ ಇದೆ ಅಲ್ವಾ? ಸುಮ್ಮನೆ ಜನರನ್ನು ಹೆದರಿಸಬೇಡಿ.

ಕಲ್ಲುಬಂಡೆ

ಒಳ್ಳೆಯ ಪ್ರಶ್ನೆ ಹಿರಿಯರೇ. ಆ 57 ಸುರಂಗಗಳಲ್ಲಿ ಹೆಚ್ಚಿನವು ಚಿಕ್ಕವು. ದಾರಿ ಬೆಟ್ಟದ ಮಗ್ಗುಲಿಗೇ ಅಂಟಿಕೊಂಡು ಇಳಿಯುತ್ತದೆ. ಮುಂದೆ ಚಾಚಿದ ಮೂಗು ಸಿಕ್ಕಿದಲ್ಲಿ ಅದನ್ನು ತೂತು ಮಾಡಿ ಆಚೆ ಹೋಗುತ್ತದೆ. ನೂರಾರು ಮೀಟರ್ ಆಳದಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗುವ ಹೆದ್ದಾರಿ ಸುರಂಗಕ್ಕೆ ಅದು ಸಮ ಅಲ್ಲ.

ಆದರೆ ಆ ದಾರಿಯಿಂದ ಕಲಿಯುವುದು ಒಂದಿದೆ. 2018ರ ಆಗಸ್ಟ್‌ನಲ್ಲಿ ಅಲ್ಲಿ ಹಲವು ಕಡೆ ಗುಡ್ಡ ಜರಿದು ತಿಂಗಳುಗಟ್ಟಲೆ ರೈಲು ನಿಂತಿತು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಜರಿಯಿತು. ಕೈಕೊಟ್ಟದ್ದು ಸುರಂಗ ಅಲ್ಲ, ಸುರಂಗಗಳ ನಡುವೆ ಕತ್ತರಿಸಿದ ಧರೆ ಮತ್ತು ಮಣ್ಣು ಏರಿಸಿದ ಏರಿ. ಅಂದರೆ ತೆರೆದ ಇಳಿಜಾರಿಗಿಂತ ಸುರಂಗವೇ ಗಟ್ಟಿ. ದೊಡ್ಡತಪ್ಪಲೆಯಲ್ಲಿ ನೆಟ್ಟಗೆ ಗೋಡೆಯ ಹಾಗೆ ಕಡಿದ ಗುಡ್ಡ ಏನು ಮಾಡಿತು ಎಂದು ಎಲ್ಲರೂ ನೋಡಿದ್ದೇವೆ. ನಾನು ಸುರಂಗದ ವಿರೋಧಿ ಅಲ್ಲ, ಇಷ್ಟು ತಿಳಿದರೆ ಸಾಕು.

ಅಡಿಕೆ ಸಸಿ

ನನ್ನ ತವರು ವಿಟ್ಲದ ಕಡೆ, ಈಗ ಹಾಸನದಲ್ಲಿದ್ದೇನೆ. ನೀರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮಲ್ಲಿ, ಕಾಸರಗೋಡಿನ ಕಡೆ, ಅಡಿಕೆ ತೋಟಕ್ಕೆ ನೀರು ಬೇಕೆಂದರೆ ಗುಡ್ಡಕ್ಕೆ ಅಡ್ಡಡ್ಡ ಸುರಂಗ ತೋಡುತ್ತಿದ್ದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ದೊಡ್ಡದು, ಜಂಬಿಟ್ಟಿಗೆ ಕಲ್ಲಿನಲ್ಲಿ. ಒಳಗಡೆ ನೀರಿನ ಪಸೆ ಇರುವ ಪದರ ಸಿಕ್ಕಿತು ಎಂದರೆ ಪಂಪೂ ಬೇಡ, ಕರೆಂಟೂ ಬೇಡ, ನೀರು ತಾನೇ ಹರಿದು ಹೊರಗೆ ಬರುತ್ತದೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಹೀಗೆ ಒಬ್ಬರೇ ತೋಡಿ ಬೋಳುಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು.

ಅಲ್ಲಿ ನೀರು ಹೊರಗೆ ಬರಲಿ ಎಂದೇ ತೋಡುವುದು. ಹೆದ್ದಾರಿ ಸುರಂಗದಲ್ಲಿ ನೀರು ಬೇಡದ ನೆಂಟ. ಆದರೆ ಗುಡ್ಡಕ್ಕೆ ಅದೇನು ಗೊತ್ತು? ಮನುಷ್ಯ ಬಗ್ಗಿ ನಡೆಯುವ ತೂತಿಗೇ ಅಷ್ಟು ನೀರು ಬಂದರೆ, ಲಾರಿ ಎದುರುಬದುರು ಹೋಗುವ ತೂತಿಗೆ ಎಷ್ಟು ಬರಬಹುದು?

ಕಲ್ಲುಬಂಡೆ

ಅಕ್ಕಾ, ನನಗಿಂತ ಚೆನ್ನಾಗಿ ಹೇಳಿದಿರಿ. ಒಂದು ವ್ಯತ್ಯಾಸ ಮಾತ್ರ ಸೇರಿಸುತ್ತೇನೆ.

ನಿಮ್ಮ ಕಡೆಯ ಜಂಬಿಟ್ಟಿಗೆ ಇಡಿಯಾಗಿ ನೀರು ಹಿಡಿಯುತ್ತದೆ. ಘಾಟಿಯ ಒಳಗಿನ ಕಲ್ಲು ಹಳೆಯ ಗಟ್ಟಿ ಬಂಡೆ. ಬಂಡೆಯೊಳಗೆ ನೀರಿಲ್ಲ, ಬಿರುಕುಗಳಲ್ಲಿ ಇದೆ. ಬಂಡೆಯ ಮೇಲೆ ಕೊಳೆತು ಪುಡಿಯಾದ ಮಣ್ಣಿನ ಪದರ ಇದೆ. ಮಳೆಗಾಲದಲ್ಲಿ ಅದು ತುಂಬಿಕೊಂಡು ಬೇಸಿಗೆಯಲ್ಲಿ ನಿಧಾನಕ್ಕೆ ಬಿಡುತ್ತದೆ. ಮೇಲ್ಪದರದಿಂದ ಬರುವ ಒರತೆಗೆ ಆಳದ ಸುರಂಗದಿಂದ ಅಷ್ಟಾಗಿ ತೊಂದರೆ ಇಲ್ಲ. ಆಳದ ಬಿರುಕಿನಿಂದ ಬರುವ ಒರತೆ ಇದ್ದರೆ, ಅದೇ ಬಿರುಕನ್ನು ಸುರಂಗ ಕತ್ತರಿಸಿದರೆ, ಕಥೆ ಬೇರೆ. ಎರಡು ಪಕ್ಕಪಕ್ಕದ ಕೊಲ್ಲಿಗಳಲ್ಲಿ ಒಂದು ಬತ್ತಿ ಇನ್ನೊಂದು ಹಾಗೇ ಇರಬಹುದು. ಆದ್ದರಿಂದ "ಬೆಟ್ಟವೇ ಒಣಗುತ್ತದೆ" ಎನ್ನುವುದೂ ತಪ್ಪು, "ಏನೂ ಆಗಲ್ಲ" ಎನ್ನುವುದೂ ತಪ್ಪು.

ಜೋಶಿಮಠದ ಹತ್ತಿರ ತಪೋವನ–ವಿಷ್ಣುಗಾಡ್ ಯೋಜನೆಯ ಸುರಂಗದಲ್ಲಿ 2009ರ ಡಿಸೆಂಬರ್‌ನಲ್ಲಿ ಕೊರೆಯುವ ಯಂತ್ರ ನೀರಿನ ಪದರಕ್ಕೆ ತಗುಲಿತು. ಸೆಕೆಂಡಿಗೆ 700–800 ಲೀಟರ್ ನೀರು ಹೊರಗೆ ಸುರಿಯಿತು. ದಿನಕ್ಕೆ ಆರು ಕೋಟಿ ಲೀಟರಿಗೂ ಮೇಲೆ. ಹಿಮಾಲಯದ ಕಲ್ಲು ಎಳೆಯದು, ಮುರಿದದ್ದು, ನಮ್ಮದು ಹಾಗಲ್ಲ. ಆದರೆ ನಾರ್ವೆ, ಸ್ವೀಡನ್ ಕಲ್ಲು ನಮ್ಮ ಥರವೇ ಹಳೆಯದು, ಗಟ್ಟಿಯಾದದ್ದು. ಅಲ್ಲಿ ನಡೆದದ್ದು ಕೇಳಿ.

ಓಸ್ಲೋ ಹತ್ತಿರ 1990ರ ದಶಕದಲ್ಲಿ ರೊಮೆರಿಕ್ಸ್‌ಪೋರ್ಟೆನ್ ಎಂಬ ರೈಲು ಸುರಂಗ ಕೊರೆದರು, 14 ಕಿ.ಮೀ.ಗೂ ಹೆಚ್ಚು ಉದ್ದ. ಒಳಗೆ ನೀರು ಸೋರಿ ಮೇಲಿನ ಕಾಡಿನ ಕೊಳಗಳ ನೀರು ಇಳಿಯಿತು. ಸ್ವೀಡನ್ನಿನ ಹಲ್ಲಾಂಡ್ಸೋಸ್ ಸುರಂಗದಲ್ಲಿ ಸೋರುವ ಬಿರುಕು ಮುಚ್ಚಲು ರಾಸಾಯನಿಕ ಅಂಟು ತುಂಬಿದರು. ಅದರಲ್ಲಿದ್ದ ಅಕ್ರಿಲಮೈಡ್ ವಿಷ 1997ರಲ್ಲಿ ಹಳ್ಳಕ್ಕೆ ಇಳಿಯಿತು. ಮೀನು ಸತ್ತವು, ಆ ನೀರು ಕುಡಿದ ಹಸುಗಳಿಗೆ ಲಕವಾ ಹೊಡೆಯಿತು. 1992ರಲ್ಲಿ ಶುರುವಾದ 8.7 ಕಿ.ಮೀ. ಸುರಂಗ ಮುಗಿದು ರೈಲು ಓಡಿದ್ದು 2015ರ ಡಿಸೆಂಬರ್‌ನಲ್ಲಿ.

ಈಗ ಸೋರಿಕೆ ತಡೆಯಲು ಕೊರೆಯುವ ಮೊದಲೇ ಮುಂದಿನ ಬಂಡೆಗೆ ಸಣ್ಣ ತೂತು ಹಾಕಿ ಒತ್ತಡದಲ್ಲಿ ಸಿಮೆಂಟ್ ತುಂಬುತ್ತಾರೆ. ಚೆನ್ನಾಗಿ ಮಾಡಿದರೆ ಬಹಳ ಉಪಯೋಗ. ಆದರೆ ಕೆಲಸ ನಿಧಾನವಾಗುತ್ತದೆ, ಖರ್ಚು ಏರುತ್ತದೆ. ಟೆಂಡರಿನಲ್ಲಿ "ಸೋರಿಕೆ ಇಷ್ಟರೊಳಗೆ ಇರಬೇಕು" ಎಂದು ಅಂಕಿ ಬರೆಯದಿದ್ದರೆ ಯಾವ ಗುತ್ತಿಗೆದಾರನೂ ತಾನಾಗಿ ಮಾಡುವುದಿಲ್ಲ.

ಹೆತ್ತೂರು ಕಾಫಿ

ಅಂದರೆ ಮರಗಳಿಗಿಂತ ಹಳ್ಳಕ್ಕೇ ಅಪಾಯ ಜಾಸ್ತಿ ಎಂದಾಯಿತೇ?

ಕೊಟ್ಟಿಗೆಹಾರದ ಗೊದಮೊಟ್ಟೆ

ಬಹಳ ಮಟ್ಟಿಗೆ ಹೌದು. ಡ್ರೈವರಣ್ಣ "ಕಪ್ಪೆ ಆಮೇಲೆ" ಎಂದರು. ಕಪ್ಪೆಯಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ದೊಡ್ಡ ಮರಗಳು, ನಾಗಸಂಪಿಗೆ, ಹೆಬ್ಬಲಸು, ದೂಪ, ಇವುಗಳ ಬೇರು ಬಹುಪಾಲು ಆ ಮೇಲಿನ ಮಣ್ಣಿನ ಪದರದ ನೀರನ್ನೇ ನಂಬಿವೆ. ಸುರಂಗ ಆಳದಲ್ಲಿದ್ದರೆ ಅವು ನಾಳೆಯೇ ಒಣಗುವುದಿಲ್ಲ. ಆದರೆ ಘಾಟಿಯ ಕಾಡಿನಲ್ಲಿ ಅಪರೂಪದ ಜೀವಗಳು ಬಹಳಷ್ಟು ಇರುವುದು ಹಳ್ಳದ ಅಂಚಿನಲ್ಲಿ, ನೀರು ಜಿನುಗುವ ಬಂಡೆಯಲ್ಲಿ, ಜೌಗಿನಲ್ಲಿ.

ನಮ್ಮೂರ ಹೆಸರಿನದೇ ಒಂದು ಕಪ್ಪೆ ಇದೆ, ಕೊಟ್ಟಿಗೆಹಾರದ ಕುಣಿಯುವ ಕಪ್ಪೆ. 1937ರಲ್ಲಿ ಸಿ.ಆರ್. ನಾರಾಯಣ ರಾವ್ ಅವರು ವಿಜ್ಞಾನಕ್ಕೆ ಪರಿಚಯಿಸಿದ್ದು. ಹಳ್ಳದ ಕಲ್ಲಿನ ಮೇಲೆ ಕೂತು ಗಂಡು ಕಪ್ಪೆ ಹಿಂಗಾಲು ಚಾಚಿ ಬೀಸುತ್ತದೆ. ನೀರಿನ ಸದ್ದಿನಲ್ಲಿ ಕೂಗು ಕೇಳದಿದ್ದರೂ ಕಾಲು ಕಾಣುತ್ತದಲ್ಲ. ಈ ಜಾತಿಯ ಕಪ್ಪೆಗಳು ಮೊಟ್ಟೆ ಇಡುವುದು ಜೋರು ಮಳೆಯಲ್ಲಲ್ಲ. ಮಳೆ ಕಳೆದು ಹಳ್ಳದ ನೀರು ಇಳಿದ ಮೇಲೆ, ತಿಳಿನೀರಿನ ಅಡಿಯ ಮರಳು–ಗರುಸಿನಲ್ಲಿ ಮುಚ್ಚಿಡುತ್ತವೆ. ಆಗ ಹಳ್ಳದಲ್ಲಿ ಹರಿಯುವುದು ಒರತೆಯ ನೀರೇ. ಸುರಂಗ ಒರತೆಯನ್ನು ಎಳೆದುಕೊಂಡರೆ ಮೊದಲು ಗೊತ್ತಾಗುವುದು ಆ ತಿಂಗಳುಗಳಲ್ಲಿ. ಕಲ್ಲುಪುಡಿಯ ಕೆಸರು ಬಂದು ಗರುಸಿನ ಸಂದು ತುಂಬಿದರೆ ಮೊಟ್ಟೆಗೆ ಗಾಳಿ ಆಡುವುದಿಲ್ಲ.

ಇನ್ನೊಂದು ಶಿರಾಡಿಯದೇ. ಕೆಂಪುಹೊಳೆ ಹತ್ತಿರ ಸಿಕ್ಕಿದ್ದಕ್ಕೆ 1986ರಲ್ಲಿ ಗುಂಡ್ಯದ ಹೆಸರೇ ಇಟ್ಟರು, ಇಂಡಿರಾನಾ ಗುಂಡಿಯಾ. ಈ ಗುಂಪಿನ ಗೊದಮೊಟ್ಟೆಗಳು ನೀರೊಳಗೆ ಈಜುವುದೇ ಅಪರೂಪ. ನೀರು ಜಿನುಗುವ ಒದ್ದೆ ಬಂಡೆಯ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಬಂಡೆ ಒಂದು ವಾರ ಒಣಗಿದರೆ ಆ ವರ್ಷದ ಮರಿಗಳ ಕಥೆ ಮುಗಿಯಿತು. ಅಲ್ಲಿ ಮರ ಒಂದೂ ಬಿದ್ದಿರುವುದಿಲ್ಲ. ಮೇಲಿಂದ ಫೋಟೋ ತೆಗೆದರೆ ಕಾಡು ಹಸಿರಾಗೇ ಕಾಣುತ್ತದೆ. ಮಂಜ್ರಾಬಾದ್ ಸರ್, ಎಡಕುಮೇರಿಯ ಹಸಿರು ನೋಡಿ ಎಂದಿರಲ್ಲ, ಅದಕ್ಕೇ ಹೇಳಿದೆ.

ಸಿಮೆಂಟಿನದೂ ಒಂದಿದೆ. ಸುರಂಗದ ಗೋಡೆಗೆ ಹಸಿ ಸಿಮೆಂಟ್ ಎರಚುತ್ತಾರೆ, ಅದನ್ನು ತೊಳೆದು ಬರುವ ನೀರು ಸುಣ್ಣದ ನೀರಿನ ಹಾಗೆ ಕ್ಷಾರ. ಕಾಡಿನ ಹಳ್ಳಗಳಿಗೆ ಅದು ಒಗ್ಗುವುದಿಲ್ಲ. ತೊಟ್ಟಿಯಲ್ಲಿ ನಿಲ್ಲಿಸಿ, ಹದ ಮಾಡಿ, ಕೆಸರು ತಂಗಿದ ಮೇಲೆ ಬಿಡಬೇಕು. ಕಷ್ಟದ ಕೆಲಸ ಏನಲ್ಲ, ಮಾಡಿಸುವವರು ಬೇಕು.

ಘಾಟಿ ಡ್ರೈವರ್

ಕಾಲು ಬೀಸುವ ಕಪ್ಪೆ! ಇಷ್ಟು ವರ್ಷ ಅದರ ಪಕ್ಕದಲ್ಲೇ ಟೀ ಕುಡಿದಿದ್ದೇನಲ್ಲ ಮಾರಾಯ್ರೇ.

ಕಳಸದವಳು

ಕಲ್ಲುಮಣ್ಣಿನ ಬಗ್ಗೆ ಒಂದು ಮಾತು. ನಮ್ಮ ಕಡೆಯವರಿಗೆ ಅದು ಹೊಸದಲ್ಲ. ಕುದುರೆಮುಖದಲ್ಲಿ ಗಣಿ ನಡೆಯುವಾಗ ಮಳೆಗಾಲದ ಭದ್ರೆಯಲ್ಲಿ ಮಣ್ಣು ಎಷ್ಟು ಬರುತ್ತಿತ್ತು ಎಂಬುದರ ಮೇಲೆಯೇ ದೊಡ್ಡ ವಾದ ನಡೆದದ್ದು. ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿ, 2005ರ ಕೊನೆಗೆ ಗಣಿ ನಿಂತಿತು. ಬೆಟ್ಟ ಅಗೆದದ್ದು ಒಂದು ಕಡೆ, ಅದರ ಮಣ್ಣು ಹೋಗಿ ಸೇರುವುದು ಎಷ್ಟೋ ದೂರ. ಶಿರಾಡಿಯಲ್ಲಿ ಕೊಲ್ಲಿಗೆ ಸುರಿದರೆ ಅದು ಕೆಂಪುಹೊಳೆ, ಗುಂಡ್ಯ ಹೊಳೆ, ಕುಮಾರಧಾರೆ ಹಿಡಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಹೋಗುತ್ತದೆ. ಹಾಸನದವರು ಅಗೆದದ್ದಕ್ಕೆ ಮಂಗಳೂರಿನವರ ಹೊಳೆ ಹೂಳು.

"ಕೆಲಸ ಆದಮೇಲೆ ಗಿಡ ನೆಡುತ್ತೇವೆ" ಎನ್ನುವುದನ್ನು ನಂಬಿ ಕೂರಬೇಡಿ. ಸುರಂಗದ ಕಲ್ಲುರಾಶಿಯಲ್ಲಿ ಮಣ್ಣೇ ಇರುವುದಿಲ್ಲ. ಅದರ ಮೇಲೆ ಅಕೇಶಿಯಾ ನೆಟ್ಟು ಹಸಿರು ಎಂದು ತೋರಿಸುತ್ತಾರೆ. ಬಿಟ್ಟರೆ ಬರುವುದು ಲಂಟಾನ, ಯುಪಟೋರಿಯಂ ಥರದ ಕಳೆಗಿಡ. ಟಿಪ್ಪರ್ ಚಕ್ರದ ಮಣ್ಣಿನಲ್ಲಿ ಬೀಜ ಬರುತ್ತದೆ, ಬಿಸಿಲು ಬಿದ್ದ ರಸ್ತೆ ಅಂಚು ಸಿಗುತ್ತದೆ, ಅಷ್ಟು ಸಾಕು. ಅಲ್ಲಿಂದ ನಿಮ್ಮ ತೋಟದ ಬೇಲಿಗೆ ಎಷ್ಟು ದೂರ?

ಕೆಲಸ ಶುರುವಾಗುವ ಮೊದಲೇ ಕಾಡಿನ ಮೇಲ್ಮಣ್ಣು ಕೆರೆದು ಬೇರೆಯಾಗಿ ಇಡಬೇಕು, ಆಮೇಲೆ ಅದನ್ನೇ ಹರಡಬೇಕು. ಅದರಲ್ಲಿ ಕಾಡಿನ ಬೀಜ, ಶಿಲೀಂಧ್ರ ಎಲ್ಲ ಇರುತ್ತದೆ. ಮೊದಲು ಉಪ್ಪಳಿಗೆಯಂಥ ಬೇಗ ಬೆಳೆಯುವ ಕಾಡುಗಿಡ ಬರಲಿ, ಅದರ ನೆರಳಿನಲ್ಲಿ ಉಳಿದವು. ಲಾವಂಚ ನೆಟ್ಟರೆ ಮೇಲಿನ ಮಣ್ಣು ಕೊಚ್ಚುವುದು ಕಡಿಮೆಯಾಗುತ್ತದೆ. ಇಡೀ ಗುಡ್ಡ ಜರಿಯುವುದನ್ನು ಹುಲ್ಲು ತಡೆಯುತ್ತದೆ ಎಂದು ಮಾತ್ರ ಯಾರೂ ಹೇಳಬೇಡಿ.

ಮಂಜ್ರಾಬಾದ್

ಹಾಗಾದರೆ ಏನು ಮಾಡಬೇಕು ಅಂತೀರಿ? ಸುರಂಗವೂ ಬೇಡ, ರಸ್ತೆ ಅಗಲವೂ ಬೇಡ. ಬಂದರಿಗೆ ಹೋಗುವ ಸರಕು ಹಾರಿಕೊಂಡು ಹೋಗಬೇಕಾ? ಕೇರಳದವರು ವಯನಾಡಿನಲ್ಲಿ ಆನಕ್ಕಾಂಪೊಯಿಲ್‌ನಿಂದ ಮೇಪ್ಪಾಡಿಗೆ ಎಂಟು ಕಿ.ಮೀ.ಗೂ ಉದ್ದದ ಜೋಡಿ ಸುರಂಗ ಶುರು ಮಾಡಿಯೇ ಬಿಟ್ಟರು. ನಾವಿನ್ನೂ ಕಪ್ಪೆ ಎಣಿಸುತ್ತಿದ್ದೇವೆ.

ಕೊಟ್ಟಿಗೆಹಾರದ ಗೊದಮೊಟ್ಟೆ

ಅದೇ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲ 2024ರ ಜುಲೈ 30ರಂದು ಕೊಚ್ಚಿಹೋದದ್ದು ಸರ್. ಸುರಂಗದಿಂದ ಆಗಿದ್ದಲ್ಲ, ಆಗ ಕೆಲಸ ಶುರುವೇ ಆಗಿರಲಿಲ್ಲ. ಆದರೆ ಎಂಥ ಬೆಟ್ಟದಲ್ಲಿ ಕೈ ಹಾಕುತ್ತಿದ್ದಾರೆ ಎಂಬುದಕ್ಕೆ ಅಷ್ಟು ಸಾಕಲ್ವಾ? ಅಲ್ಲಿ ಮಾಡುತ್ತಿದ್ದಾರೆ ಎಂದು ನಾವೂ ಅವಸರ ಮಾಡುವ ಬದಲು, ಅಲ್ಲಿಯ ಒರತೆಗಳಿಗೆ ಏನಾಗುತ್ತದೆ ಎಂದು ಎರಡು ಬೇಸಿಗೆ ನೋಡಬಹುದು. ನಮಗೆ ಬಿಟ್ಟಿ ಪಾಠ.

ಮತ್ತೆ, ನಾಲ್ಕು ಪಥಕ್ಕೆ ಗುಡ್ಡ ಕತ್ತರಿಸುವುದು ಮತ್ತು ಸುರಂಗ, ಎರಡರಲ್ಲಿ ಒಂದನ್ನು ಆರಿಸಲೇಬೇಕು ಎಂದರೆ ನಾನು ಸುರಂಗಕ್ಕೇ ಕೈ ಎತ್ತುತ್ತೇನೆ. ಒಂದೇ ಷರತ್ತು. ಹಳೆಯ ರಸ್ತೆ ಮುಚ್ಚಬೇಕು, ಕಡೇಪಕ್ಷ ರಾತ್ರಿಯಾದರೂ. ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರ ನಿಂತಿದೆ, ಇಲ್ಲೂ ಆಗಲಿ. ಮೇಲೆ ವಾಹನ ಇಲ್ಲದಿದ್ದರೆ ಆನೆ, ಕಾಟಿ ದಾಟುತ್ತವೆ, ಕಪ್ಪೆ ಚಕ್ರಕ್ಕೆ ಸಿಗುವುದಿಲ್ಲ, ಹತ್ತು ವರ್ಷದಲ್ಲಿ ಎರಡೂ ಬದಿಯ ಕೊಂಬೆ ಕೂಡಿಕೊಳ್ಳುತ್ತದೆ. ಸುರಂಗದಿಂದ ಕಾಡಿಗೆ ಲಾಭ ಅಂತ ಇರುವುದು ಅದೊಂದೇ. ಹಳೆಯ ರಸ್ತೆಯೂ ಓಡಿ, ಹೊಸ ಸುರಂಗವೂ ಬಂದರೆ ಕಾಡಿಗೆ ಬರೀ ಎರಡು ಹೊಡೆತ.

ಘಾಟಿ ಡ್ರೈವರ್

ಇದು ನನ್ನ ವಿಷಯ, ಹೇಳುತ್ತೇನೆ ಕೇಳಿ. ಹಳೆಯ ರಸ್ತೆ ಮುಚ್ಚಲ್ಲ.

ಮಂಗಳೂರಿನಿಂದ ರಾತ್ರಿ ಹಗಲು ಗ್ಯಾಸ್ ಬುಲೆಟ್ ಟ್ಯಾಂಕರ್ ಹತ್ತುತ್ತವೆ, ಪೆಟ್ರೋಲ್, ಡೀಸೆಲ್ ಟ್ಯಾಂಕರ್ ಬೇರೆ. ಬೆಂಕಿ ಹೊತ್ತುವ ಸರಕನ್ನು ಉದ್ದದ ಸುರಂಗದೊಳಗೆ ಸುಲಭಕ್ಕೆ ಬಿಡುವುದಿಲ್ಲ. ಬಹಳ ದೇಶಗಳಲ್ಲಿ ಹಾಗೇ. 2013ರಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಸಿಡಿದು ಎಷ್ಟು ಜನ ಸುಟ್ಟುಹೋದರು, ನೆನಪಿದೆಯಲ್ಲ. ಅದು ಬಯಲಲ್ಲಿ. ಸುರಂಗದೊಳಗೆ ಆಗಿದ್ದರೆ? ಹಾಗಾಗಿ ಟ್ಯಾಂಕರಿಗೆ ಹಳೆಯ ಘಾಟಿಯೇ ಗತಿ. ಜೊತೆಗೆ ಟೋಲ್ ಉಳಿಸುವವರು, ಹೋಟೆಲಿಗೆ ನಿಲ್ಲುವವರು, ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು. ಅಷ್ಟೇ.

ಕಲ್ಲುಬಂಡೆ

ಡ್ರೈವರಣ್ಣ ಹೇಳಿದ್ದು ಈ ಚರ್ಚೆಯಲ್ಲೇ ಮುಖ್ಯವಾದ ಮಾತು. ನನಗೂ ಹೊಳೆದಿರಲಿಲ್ಲ ಎನ್ನುವುದಕ್ಕಿಂತ, ಇದನ್ನು ಕೇಳುವ ಎಂಜಿನಿಯರನ್ನು ನಾನು ಕಂಡದ್ದು ಕಡಿಮೆ. ಟ್ಯಾಂಕರಿಗೆ ಸಮಯ ಕಟ್ಟಬಹುದು, ಹಗಲು ಇಷ್ಟು ಗಂಟೆ, ಸಾಲಾಗಿ, ಬೆಂಗಾವಲಿನಲ್ಲಿ ಎಂದು. ರಾತ್ರಿ ಪೂರ್ತಿ ಬಂದ್. ಆದರೆ ಇದು ಯೋಜನೆಯ ಕಾಗದದಲ್ಲಿ ಮೊದಲೇ ಇರಬೇಕು. ಸುರಂಗ ಉದ್ಘಾಟನೆ ಆದಮೇಲೆ ಹಳೆಯ ರಸ್ತೆ ಮುಚ್ಚಿ ಎಂದು ಹೋದರೆ ಯಾರು ಕೇಳುತ್ತಾರೆ?

ಕಳಸದವಳು

ಅಷ್ಟರಲ್ಲಿ ಹಳೆಯ ರಸ್ತೆಗೆ ವ್ಯೂ ಪಾಯಿಂಟ್, ಹೋಂಸ್ಟೇ, ಗಾಜಿನ ಸೇತುವೆ ಎಲ್ಲ ಬಂದಿರುತ್ತದೆ ಬಿಡಿ.

ಹೆತ್ತೂರು ಕಾಫಿ

ಸರಿ, ರಸ್ತೆಯದ್ದು ನಮ್ಮ ಕೈಯಲ್ಲಿಲ್ಲ. ಒರತೆಯ ಬಗ್ಗೆ ಈಗಲೇ ನಾವೇ ಮಾಡಬಹುದಾದದ್ದು ಏನಾದರೂ ಇದೆಯಾ? ನಾಳೆ ನೀರು ಬತ್ತಿತು ಎಂದು ಪರಿಹಾರ ಕೇಳಲು ಹೋದರೆ "ಮಳೆ ಕಡಿಮೆ ಆಗಿದೆ, ನೀವು ಬೋರ್ ಜಾಸ್ತಿ ಕೊರೆದಿದ್ದೀರಿ" ಎಂದೇ ಕಳಿಸುತ್ತಾರೆ.

ಕಲ್ಲುಬಂಡೆ

ಇದೆ, ಮತ್ತು ಇದರಲ್ಲಿ ನಿಮ್ಮಷ್ಟು ಅನುಕೂಲ ಯಾರಿಗೂ ಇಲ್ಲ. ಹಳೆಯ ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಇರುತ್ತದಲ್ಲ, ಇಂಚು–ಸೆಂಟ್ಸ್ ಲೆಕ್ಕದಲ್ಲಿ ಅಜ್ಜನ ಕಾಲದಿಂದ ಬರೆದದ್ದು. ಮಳೆ ಕಡಿಮೆಯಾಯಿತೋ ಇಲ್ಲವೋ ಎಂಬ ವಾದಕ್ಕೆ ಅದೇ ಉತ್ತರ. ಇಲ್ಲದಿರುವುದು ಒರತೆಯ ಪುಸ್ತಕ.

ಹತ್ತು ಲೀಟರ್ ಬಕೆಟ್, ಒಂದು ಮೊಬೈಲ್. ಒರತೆ ಬೀಳುವ ಜಾಗದಲ್ಲಿ ಪೈಪಿನ ತುಂಡು ಕೂರಿಸಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ನೋಡಿ. ಮೂರು ಸಲ ಹಿಡಿದು ಮಧ್ಯದ್ದನ್ನು ಬರೆಯಿರಿ. ಡಿಸೆಂಬರ್‌ನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ, ಬೇರೆ ತಿಂಗಳು ಒಮ್ಮೆ ಸಾಕು. ಬರೆದ ಪುಟದ ಫೋಟೋ ತೆಗೆದಿಡಿ, ತಾರೀಕು ಉಳಿಯುತ್ತದೆ. ಹತ್ತಿರದ ಬೋರ್‌ವೆಲ್ ನೀರಿನ ಮಟ್ಟವನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಸುರಂಗದ ದಾರಿಯಿಂದ ದೂರ ಇರುವ ಊರಿನವರೂ ಬರೆಯಬೇಕು. ಹಾಗಿದ್ದರೆ ತಾನೇ ಹೋಲಿಸಲು ಬರುವುದು. ಕೆಲಸ ಶುರುವಾಗುವ ಮೊದಲಿನ ಎರಡು ಬೇಸಿಗೆಯಾದರೂ ಪುಸ್ತಕದಲ್ಲಿ ಇರಲಿ. 

ಕೊಟ್ಟಿಗೆಹಾರದ ಗೊದಮೊಟ್ಟೆ

ಅದೇ ಪುಟದಲ್ಲಿ ಒಂದು ಸಾಲು ನನಗೆ ಕೊಡಿ. ಒರತೆಯ ಬಂಡೆ ಒದ್ದೆ ಇದೆಯೋ, ಒಣಗಿದೆಯೋ, ಮೇಲೆ ಗೊದಮೊಟ್ಟೆ ಇವೆಯೋ. ಹೆಸರು ಗೊತ್ತಿಲ್ಲದಿದ್ದರೂ ಫೋಟೋ ಹಾಕಿ, ನಾನು ನೋಡುತ್ತೇನೆ.

ಮಂಜ್ರಾಬಾದ್

ನಮ್ಮ ತೋಟದ ಮಳೆ ಪುಸ್ತಕ ತಂದೆಯವರ ಕಾಲದ್ದು ಇದೆ. ಮೊದಲ ಕೆಲವು ಹಾಳೆ ಗೆದ್ದಲು ತಿಂದಿದೆ, ಉಳಿದದ್ದು ಚೆನ್ನಾಗಿದೆ. ಬೇಕಾದವರು ಬಂದು ಫೋಟೋ ತೆಗೆದುಕೊಳ್ಳಲಿ. ಸುರಂಗ ಬೇಕು ಎನ್ನುವ ಮಾತು ಮಾತ್ರ ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಹೆತ್ತೂರು ಕಾಫಿ

ತೆಗೆದುಕೊಳ್ಳಬೇಡಿ ಗೌಡ್ರೇ, ಪುಸ್ತಕ ಕೊಟ್ಟರೆ ಸಾಕು. ಭಾನುವಾರ ಬರುತ್ತೇನೆ. ಹಾನುಬಾಳು, ಯಸಳೂರು, ಬಿಸಿಲೆ ಕಡೆಯವರು ಯಾರಾದರೂ ಒರತೆ ಅಳೆಯಲು ಸಿದ್ಧ ಇದ್ದರೆ ಇಲ್ಲೇ ಊರಿನ ಹೆಸರು ಬರೆಯಿರಿ. ಒಂದು ಸಂದೇಹ, ಕಲ್ಲುಬಂಡೆ ಸರ್: ನಮ್ಮ ಕೊಲ್ಲಿಯಲ್ಲಿ ನೀರು ಒಂದೇ ಕಡೆ ಬೀಳುವುದಿಲ್ಲ, ಬಂಡೆ ತುಂಬ ಹರಡಿಕೊಂಡು ಜಿನುಗುತ್ತದೆ. ಅದಕ್ಕೆ ಪೈಪ್ ಕೂರಿಸುವುದು ಹೇಗೆ?

ಕಲ್ಲುಬಂಡೆ

ಬಂಡೆಗೆ ಕೈ ಹಚ್ಚಬೇಡಿ, ಮೇಲಿನ ಗೊದಮೊಟ್ಟೆಯವರು ಜಗಳಕ್ಕೆ ಬರುತ್ತಾರೆ. ಕೆಳಗೆ ನೀರೆಲ್ಲ ಒಂದಾಗಿ ಹರಿಯುವ ಜಾಗ ಇರುತ್ತದೆ, ಅಲ್ಲಿ ಅಡ್ಡಲಾಗಿ ಜೇಡಿಮಣ್ಣಿನ ಸಣ್ಣ ಕಟ್ಟೆ ಕಟ್ಟಿ, ಮಧ್ಯೆ ಪೈಪ್ ಇಡಿ. ಅಳೆದಾದ ಮೇಲೆ ಕಟ್ಟೆ ಒಡೆದು ಬಿಡಿ. ಜಾಗ ಮಾತ್ರ ಪ್ರತಿ ಸಲ ಅದೇ ಇರಬೇಕು, ಕಲ್ಲಿಗೆ ಬಣ್ಣದ ಗುರುತು ಹಾಕಿ.